ಇನ್ನೂರ ಅರವತ್ತಾರು

ಮೇಷ್ಟ್ರು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದ ರಭಸಕ್ಕೆ ರೆಕಾರ್ಡ್ ಪುಸ್ತಕದ ಆ ಪುಟ ಹರಿದು, ಹಿಂದಿನ ಪುಟಕ್ಕೂ ಗೀರು ಬಿದ್ದಿತ್ತು. ಮಗಳು ಅದನ್ನು ತಂದು ಊಟದ ಮೇಜಿನ ಮೇಲೆ ಎಸೆದಳು. ಬೇಳೆಯ ಪಾತ್ರೆ ಅಲುಗಾಡಿ ಅಜ್ಜಿಯ ಕೈ ಮೇಲೆ ಎರಡು ಹನಿ ಸಿಡಿಯಿತು.

"ಯಾರ ಮೇಲಿನ ಸಿಟ್ಟಿಗೆ ನನ್ನ ಕೈ ಸುಡ್ತೀಯ?" ಎಂದಳು ಅಜ್ಜಿ.

"ಅಳೆದದ್ದನ್ನ ಬರೆದ್ರೆ ತಪ್ಪಂತೆ ಅಜ್ಜಿ. ಅಳೀದೆ ಬರೆದ್ರೆ ಸರಿಯಂತೆ. ಇದು ವಿಶ್ವವಿದ್ಯಾಲಯವಂತೆ."

ಆ ಮನೆಯಿಂದ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರಲ್ಲಿ ಅವಳೇ ಮೊದಲಿನವಳು. ಮೊದಲ ವರ್ಷದ ಭೌತಶಾಸ್ತ್ರ ಓದುತ್ತಿದ್ದಳು. ಅಪ್ಪ ತಕ್ಕಡಿ ರಿಪೇರಿ ಮಾಡುವವನು. ಬೀದಿಯ ತಿರುವಿನಲ್ಲಿ ಒಂದು ಬಾಗಿಲಷ್ಟೇ ಅಗಲದ ಅಂಗಡಿ, ಗೋಡೆ ತುಂಬ ನೇತಾಡುವ ತಟ್ಟೆಗಳು, ಸರಪಳಿಗಳು. ಅಂಗಡಿಗಳವರ ತಕ್ಕಡಿಯನ್ನೂ ತೂಕದ ಕಲ್ಲನ್ನೂ ಸರಿಮಾಡಿ ತನ್ನ ಗುರುತಿನ ಮೊಹರು ಒತ್ತಿಕೊಡುವ ಲೈಸೆನ್ಸು ಅವನಿಗಿತ್ತು. ಕಲ್ಲು ಅಂದರೆ ಕಬ್ಬಿಣದ್ದೇ, ಹೆಸರಿಗೆ ಕಲ್ಲು. ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಳು. ಅಜ್ಜಿ ಮಂಡಿ ಕೈಕೊಡುವವರೆಗೆ ಮೂವತ್ತು ವರ್ಷ ಗಾಡಿಯಲ್ಲಿ ತರಕಾರಿ ಮಾರಿದವಳು. ಮಗಳು ಹುಟ್ಟಿದ ವಾರ ಅಪ್ಪ ಅವಳನ್ನು ಅಂಗಡಿಯ ತಕ್ಕಡಿಯಲ್ಲಿ ಮಲಗಿಸಿ ತೂಗಿದ್ದನಂತೆ. ಎರಡೂಕಾಲು ಕಿಲೋ. ಆವತ್ತಿನಿಂದ ಮನೆಯಲ್ಲಿ ಅವಳ ಹೆಸರೇ ಎರಡೂಕಾಲು ಆಗಿಹೋಗಿತ್ತು.

"ನಮಗೂ ತಿಳಿಯೋ ಹಾಗೆ ಹೇಳು ಎರಡೂಕಾಲು," ಎಂದಳು ಅಜ್ಜಿ. "ಏನು ಅಳೆದೆ?"

"ಒಂದು ಸ್ಪ್ರಿಂಗ್ ನೇತು ಹಾಕಿರ್ತಾರೆ. ಅದಕ್ಕೆ ಅರ್ಧ ಕಿಲೋದ ಕಲ್ಲನ್ನ ಒಂದೊಂದಾಗಿ ಸೇರಿಸ್ಬೇಕು. ಎಷ್ಟು ಇಳೀತು ಅಂತ ಪಕ್ಕದ ಅಳತೆಪಟ್ಟಿಯಲ್ಲಿ ನೋಡಿ ಲೆಕ್ಕ ಹಾಕಿದ್ರೆ, ಸ್ಪ್ರಿಂಗ್ ಎಷ್ಟು ಬಿಗಿ ಅಂತ ಒಂದು ಸಂಖ್ಯೆ ಸಿಗುತ್ತೆ. ನನಗೆ ಇನ್ನೂರ ಅರವತ್ತಾರು ಬಂತು."

"ಎಷ್ಟು ಬರಬೇಕಂತೆ?"

"ಇನ್ನೂರೈವತ್ತು. ಮೇಷ್ಟ್ರ ಹತ್ರ ಒಂದು ಹಳೇ ನೋಟ್‌ಬುಕ್ಕಿದೆ, ಅದರಲ್ಲಿ ಹಾಗೆ ಬರೆದಿದೆ. ಕ್ಲಾಸಲ್ಲಿ ಉಳಿದ ಮೂವತ್ತೊಂಬತ್ತು ಜನಕ್ಕೂ ಇನ್ನೂರೈವತ್ತೇ."

"ನಿನಗೊಬ್ಬಳಿಗೆ ಬೇರೆ ಯಾಕೆ ಬಂತು?"

"ಅವರು ಯಾರೂ ಅಳೆದೇ ಇಲ್ಲ ಅಜ್ಜಿ. ಹೋದ ವರ್ಷದವರ ರೆಕಾರ್ಡ್ ತಂದು ಭಟ್ಟಿ ಇಳಿಸಿದ್ದಾರೆ."

ಅಪ್ಪ ಅಲ್ಲಿಯವರೆಗೆ ತಟ್ಟೆಯಿಂದ ತಲೆ ಎತ್ತಿರಲಿಲ್ಲ. ಈಗ ಎತ್ತಿದ. "ಕಲ್ಲು ಯಾವ ಬಣ್ಣ?"

"ಕಪ್ಪು. ಗುಂಡಗೆ, ನಡುವೆ ಸೀಳು ಬಿಟ್ಟಿರೋದು. ಯಾಕಪ್ಪಾ?"

"ಸುಮ್ಮನೆ ಕೇಳಿದೆ." ಅವನು ಮತ್ತೆ ತಟ್ಟೆಗೆ ಬಾಗಿದ. ತಲೆ ಎತ್ತದೆಯೇ, "ಅವರು ಹೇಳಿದ್ದನ್ನ ಬರೆದುಬಿಡು," ಎಂದ.

ಮಗಳು ಅಪ್ಪನ ಮುಖವನ್ನೇ ನೋಡಿದಳು. ತಕ್ಕಡಿಯ ಮುಳ್ಳನ್ನು ಒಂದು ಕೂದಲೆಳೆ ಸರಿಸಿಕೊಡು ಅಂತ ಬಂದ ಅಕ್ಕಿ ವ್ಯಾಪಾರಿಯನ್ನು ಕುತ್ತಿಗೆ ಹಿಡಿದು ಹೊರಗೆ ದಬ್ಬಿದ್ದ ಮನುಷ್ಯ ಇವನು. ಅದನ್ನು ಅವಳು ಏಳು ವರ್ಷದವಳಿದ್ದಾಗ ಆ ಅಂಗಡಿಯ ಬಾಗಿಲಲ್ಲೇ ನಿಂತು ನೋಡಿದ್ದಳು.

"ನಾನು ಬರೆಯಲ್ಲ. ಬರುವ ಶನಿವಾರ ಮತ್ತೆ ಅಳೀತೀನಿ," ಎಂದಳು.

ಶನಿವಾರದ ಅಡುಗೆ ಅವಳ ಪಾಲಿನದು. ಅಮ್ಮನಿಗೆ ಆ ದಿನ ಬೆಳಗಿನಿಂದ ಸಂಜೆಯವರೆಗೆ ಪಾಳಿ. ಆ ಶನಿವಾರ ಅಮ್ಮ ಬ್ಲೀಚಿನ ವಾಸನೆ ಹೊತ್ತು ಮನೆಗೆ ಬಂದಾಗ ಒಲೆ ತಣ್ಣಗಿತ್ತು. ಅಜ್ಜಿ ಒಂಟಿ ಕಾಲ ಮೇಲೆ ಭಾರ ಹಾಕಿ ನಿಂತು ಆಲೂಗಡ್ಡೆ ಹೆಚ್ಚುತ್ತಿದ್ದಳು. ಮಗಳು ಆರೂವರೆಗೆ ಬಂದಳು.

"ಬೇರೆ ಮೇಜಿನ ಸ್ಪ್ರಿಂಗ್ ತಗೊಂಡು ನೋಡಿದೆ, ಮೂರು ಸಲ. ಇನ್ನೂರ ಅರವತ್ತೈದು, ಅರವತ್ತೇಳು, ಅರವತ್ತಾರು."

"ನನಗ್ಯಾಕೆ ಹೇಳ್ತೀಯ?" ಎಂದಳು ಅಮ್ಮ. "ನಾನು ಇವತ್ತು ನಾನೂರು ಹಾಸಿಗೆ ಬಟ್ಟೆ ಮಡಿಸಿ ಬಂದಿದ್ದೀನಿ. ಅದರಲ್ಲಿ ಒಂದು ಕಡಿಮೆ ಬಂದ್ರೆ ಹುಡುಕ್ತಾ ಕೂರ್ತಾರಾ? ನಾನೂರು ಅಂತ ಬರೆದು ಸಹಿ ಹಾಕಿ ಮನೆಗೆ ಹೋಗ್ತಾರೆ. ನೀನೂ ಬರೆದು ಬಿಸಾಕು."

"ಆ ಒಂದು ಬಟ್ಟೆ ಕಡಿಮೆಯಾದ್ರೆ ಯಾವನೋ ರೋಗಿ ಬರೀ ಹಾಸಿಗೆ ಮೇಲೆ ಮಲಗ್ತಾನಲ್ಲಮ್ಮ."

"ನನಗೆ ಪಾಠ ಹೇಳೋಕೆ ಬರಬೇಡ. ಆ ಆಲೂಗಡ್ಡೆ ತಗೋ, ಅಜ್ಜಿನ ಕೂರಿಸು."

ಮುಂದಿನ ವಾರವೂ ಅದೇ ಆಯಿತು. ಲ್ಯಾಬಿನ ಅಟೆಂಡರ್ ಬೀಗದ ಗೊಂಚಲು ಅಲ್ಲಾಡಿಸುತ್ತ ಬಾಗಿಲಲ್ಲಿ ನಿಂತಿದ್ದ. ಇವಳು ಕಣ್ಣನ್ನು ಅಳತೆಪಟ್ಟಿಯ ಮಟ್ಟಕ್ಕೆ ತಂದು, ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಐದು ಕಲ್ಲಿಗೆ ಒಂಬತ್ತು ಪಾಯಿಂಟ್ ಎಂಟು ಸೆಂಟಿಮೀಟರ್ ಇಳಿಯಬೇಕಾದ ಸ್ಪ್ರಿಂಗು ಒಂಬತ್ತು ಪಾಯಿಂಟ್ ಎರಡಕ್ಕೇ ನಿಲ್ಲುತ್ತಿತ್ತು. ಅವಳು ಆ ಪುಟವನ್ನು ಮೇಷ್ಟ್ರ ಮುಂದೆ ಇಟ್ಟಳು. ಅವರು ಕನ್ನಡಕವನ್ನೂ ಹಾಕಿಕೊಳ್ಳಲಿಲ್ಲ.

"ಪ್ರಕೃತಿಯ ನಿಯಮ ನಿನ್ನ ಮಾತು ಕೇಳೋದಿಲ್ಲಮ್ಮ."

"ಇದು ನನ್ನ ಮಾತಲ್ಲ ಸರ್, ಸ್ಪ್ರಿಂಗ್ ಹೇಳ್ತಿರೋದು."

"ಹಾಗಾದ್ರೆ ಪರೀಕ್ಷೆಗೆ ಸ್ಪ್ರಿಂಗನ್ನೇ ಕೂರಿಸು. ಹತ್ತು ಪ್ರಯೋಗಕ್ಕೂ ನನ್ನ ಸಹಿ ಇದ್ರೆ ಮಾತ್ರ ಹಾಲ್ ಟಿಕೆಟ್. ನಿನ್ನದು ಒಂಬತ್ತಾಗಿದೆ. ಕೊನೇ ಶನಿವಾರದೊಳಗೆ ಇನ್ನೂರೈವತ್ತು ಬಂದ್ರೆ ಸರಿ, ಇಲ್ಲಾಂದ್ರೆ ಮುಂದಿನ ವರ್ಷ ಬಾ."

ಸುತ್ತ ನಿಂತವರು ನಕ್ಕರು. ಅಳೆಯದವರೆಲ್ಲ ಅಳೆದವಳನ್ನು ನೋಡಿ ನಗುವುದಕ್ಕೆ ಎಂಥ ಧೈರ್ಯ ಬೇಕು. ಆದರೆ ಅಲ್ಲಿ ಅದಕ್ಕೆ ಧೈರ್ಯವೇನೂ ಬೇಕಿರಲಿಲ್ಲ, ಮೇಷ್ಟ್ರೂ ಅವರ ಜೊತೆಗೇ ನಗುತ್ತಿದ್ದರು.

ಸೋಮವಾರ ಅವಳು ಮನೆಗೆ ಬಂದಾಗ ಚೀಲ ಒಂದು ಕಡೆಗೆ ಜಗ್ಗುತ್ತಿತ್ತು. ಅಜ್ಜಿಯ ಮಡಿಲಲ್ಲಿ ಒಂದು ಕಪ್ಪು ಕಲ್ಲು ತೆಗೆದಿಟ್ಟಳು.

"ಕದ್ದು ತಂದ್ಯಾ?" ಎಂದಳು ಅಜ್ಜಿ.

"ನಾಳೆ ಬೆಳಿಗ್ಗೆ ಅಲ್ಲೇ ಇಟ್ಟು ಬರ್ತೀನಿ. ಸ್ಪ್ರಿಂಗ್ ಬದಲಾಯಿಸಿ ನೋಡಿದೆ, ಅಳತೆಪಟ್ಟಿ ಬದಲಾಯಿಸಿ ನೋಡಿದೆ. ಕಲ್ಲು ಮಾತ್ರ ನೋಡಿಲ್ಲ."

ಅಜ್ಜಿ ಅದನ್ನು ಬಲಗೈಯಲ್ಲಿ ಹಿಡಿದು ಎರಡು ಸಲ ಮೇಲೆ ಕೆಳಗೆ ಮಾಡಿದಳು. ಎಡಗೈಗೆ ಬದಲಾಯಿಸಿದಳು. ಒಳಗಿನಿಂದ ತನ್ನ ಹಳೆಯ ಅರ್ಧ ಕಿಲೋದ ಕಲ್ಲನ್ನು ತರಿಸಿ ಇನ್ನೊಂದು ಕೈಯಲ್ಲಿ ಹಿಡಿದಳು. ಗಾಡಿ ಮಾರಿದಾಗಲೂ ಆ ಕಲ್ಲನ್ನು ಅವಳು ಬಿಟ್ಟುಕೊಟ್ಟಿರಲಿಲ್ಲ.

"ಇದು ಅರ್ಧ ಕಿಲೋ ಅಲ್ಲ," ಎಂದಳು. "ಒಂದು ಟೊಮೇಟೊದಷ್ಟು ಕಡಿಮೆ. ಸಣ್ಣ ಟೊಮೇಟೊ. ನಡಿ ಅಂಗಡಿಗೆ."

ಮಂಡಿ ನೋವಿನ ಅಜ್ಜಿ ಮೊಮ್ಮಗಳ ಹೆಗಲು ಹಿಡಿದು ಬೀದಿಯ ತಿರುವಿನವರೆಗೆ ನಡೆದಳು. ಅಪ್ಪ ಯಾವುದೋ ಕಸಾಯಿ ಅಂಗಡಿಯ ತಕ್ಕಡಿ ನೋಡಲು ಹೋಗಿದ್ದ. ಮಗಳು ಪರೀಕ್ಷೆಯ ತಕ್ಕಡಿಯ ಗಾಜಿನ ಬಾಗಿಲು ತೆರೆದು ಒಂದು ತಟ್ಟೆಯಲ್ಲಿ ಕಲ್ಲಿಟ್ಟಳು. ಇನ್ನೊಂದು ತಟ್ಟೆಗೆ ಹಿತ್ತಾಳೆಯ ತೂಕಗಳನ್ನು ಚಿಮುಟದಿಂದ ಒಂದೊಂದಾಗಿ ಏರಿಸಿದಳು. ಮುಳ್ಳು ನಡುವೆ ನಿಂತಾಗ ಕೂಡಿ ನೋಡಿದಳು. ನಾನೂರ ಎಪ್ಪತ್ತು ಗ್ರಾಂ. ಮೂವತ್ತು ಗ್ರಾಂ ಕಡಿಮೆ.

ಚೀಟಿಯ ಹಿಂದೆ ಲೆಕ್ಕ ಹಾಕಿದಳು. ನಾನೂರ ಎಪ್ಪತ್ತು ಅಂತ ಇಟ್ಟುಕೊಂಡರೆ ಉತ್ತರ ಇನ್ನೂರೈವತ್ತಕ್ಕೆ ಬಂದು ಕೂತಿತು.

"ಅಜ್ಜಿ, ನಾನು ಸರಿಯಾಗೇ ಅಳೆದಿದ್ದೆ," ಎಂದಳು.

"ಕಲ್ಲು ತಿರುಗಿಸು," ಎಂದಳು ಅಜ್ಜಿ. "ಗಿರಾಕಿಗಳು ಮೊದಲು ನೋಡ್ತಿದ್ದದ್ದೇ ಅದನ್ನ."

ಎರಕದ ಕಲ್ಲಿನ ಅಡಿಯಲ್ಲಿ ಒಂದು ಕುಳಿ ಇರುತ್ತದೆ. ಅದಕ್ಕೆ ಸೀಸ ತುಂಬಿ, ಹೆಚ್ಚಾದರೆ ಕೆರೆದು, ತೂಕ ಸರಿಯಾದ ಮೇಲೆ ಮೊಹರು ಒತ್ತುತ್ತಾರೆ. ಮಗಳು ಬಣ್ಣವನ್ನು ಉಗುರಿನಿಂದ ಕೆರೆದಳು. ಸೀಸ ಬರಲಿಲ್ಲ. ಕಿಟಕಿಯ ಗಾಜಿಗೆ ಮೆತ್ತುವ ಪುಟ್ಟಿ ಪುಡಿಪುಡಿಯಾಗಿ ಉದುರಿತು. ಅದರ ಪಕ್ಕದ ಕಬ್ಬಿಣದಲ್ಲಿ ಒಂದು ಗುರುತು ಇತ್ತು. ಬಾಲ ಮೇಲೆತ್ತಿದ ಮೀನು. ಆ ಮೊಹರು ಇಡೀ ಊರಿನಲ್ಲಿ ಒಬ್ಬನ ಹತ್ತಿರ ಮಾತ್ರ ಇತ್ತು, ಈಗಲೂ ಅದು ಇದೇ ಮೇಜಿನ ಮೇಲೆ ಸುತ್ತಿಗೆಯ ಪಕ್ಕದಲ್ಲಿ ಬಿದ್ದಿತ್ತು.

ಅಪ್ಪ ಉಪಕರಣದ ಪೆಟ್ಟಿಗೆ ಹಿಡಿದು ಬಾಗಿಲಿಗೆ ಬಂದವನು ಅವರಿಬ್ಬರನ್ನೂ ತಟ್ಟೆಯಲ್ಲಿದ್ದ ಕಲ್ಲನ್ನೂ ನೋಡಿದ. ಪೆಟ್ಟಿಗೆಯನ್ನು ನಿಧಾನವಾಗಿ ಕೆಳಗಿಟ್ಟ.

"ಇದು ನಿನ್ನದೇನೋ?" ಎಂದಳು ಅಜ್ಜಿ.

"ಹದಿನಾಲ್ಕು ವರ್ಷ ಆಯ್ತು," ಎಂದ ಅಪ್ಪ. "ಲ್ಯಾಬ್ ಸಾಮಾನಿನ ಏಜೆಂಟ್ ನಲವತ್ತು ಕಲ್ಲು ತಂದು ಸುರಿದ. ಎರಡು ದಿನದಲ್ಲಿ ಬೇಕು ಅಂದ. ಸೀಸ ಕರಗಿಸಿ ಒಂದೊಂದಾಗಿ ತುಂಬೋಕೆ ಮೂರು ನಾಲ್ಕು ದಿನ ಬೇಕು. ಅಂಗಡಿಯವರ ಕಲ್ಲಾಗಿದ್ರೆ ನಾನು ಪುಟ್ಟಿ ಮುಟ್ತಾ ಇರ್ಲಿಲ್ಲ. ಇದರಲ್ಲಿ ಯಾರೂ ಅಕ್ಕಿ ತೂಗಲ್ಲ, ಬೇಳೆ ತೂಗಲ್ಲ, ಯಾರಿಗೂ ಮೋಸ ಆಗಲ್ಲ ಅಂದ್ಕೊಂಡೆ. ಕಾಲೇಜಿನ ಮಕ್ಕಳು ನೇತು ಹಾಕಿ ಆಟ ಆಡ್ತಾರೆ ಅಷ್ಟೇ ಅಂತ."

"ಆಟ," ಎಂದಳು ಮಗಳು.

"ಆವಾಗ ನನಗೇನು ಗೊತ್ತಿತ್ತು?"

"ವರ್ಷಕ್ಕೆ ನಲವತ್ತು ಜನ ಅಪ್ಪಾ. ಹದಿನಾಲ್ಕು ವರ್ಷ. ಅಷ್ಟೂ ಜನರಲ್ಲಿ ಯಾರಾದ್ರೂ ಒಬ್ಬರು ನನ್ನ ಹಾಗೇ ಸರಿಯಾಗಿ ಅಳೆದು, ತಮ್ಮ ಕಣ್ಣೇ ಸರಿ ಇಲ್ಲ ಅಂದ್ಕೊಂಡು ಅಳಿಸಿ ಸುಳ್ಳು ಬರೆದಿರ್ತಾರೆ. ಯಾರಿಗೂ ಮೋಸ ಆಗಿಲ್ವಾ? ಮೂರು ವಾರದಿಂದ ನಾನು ಇದೇ ಮನೆಯಲ್ಲಿ ಬಡ್ಕೊಳ್ತಾ ಇದ್ದೀನಿ. ನಿನಗೆ ಮೊದಲನೇ ದಿನವೇ ಗೊತ್ತಾಗಿತ್ತು. ಬಣ್ಣ ಕೇಳಿದೆಯಲ್ಲ."

ಅಪ್ಪ ಮೇಜಿನ ಮೇಲಿದ್ದ ಮೊಹರನ್ನು ಎತ್ತಿ ಜೇಬಿಗೆ ಹಾಕಿಕೊಂಡ.

"ಮೂವತ್ತು ವರ್ಷ ಗಾಡಿ ತಳ್ಳಿದ್ದೀನಿ," ಎಂದಳು ಅಜ್ಜಿ. "ನನ್ನ ಕಲ್ಲು ತಿರುಗಿಸಿ ನೋಡದೆ ಒಬ್ಬಳೂ ಬೆಂಡೆಕಾಯಿ ಕೊಂಡಿಲ್ಲ. ಕಳ್ಳೀನ ನೋಡೋ ಹಾಗೆ ನೋಡ್ತಿದ್ರು. ತಿರುಗಿಸಿದೋರಿಗೆಲ್ಲ ಸೀಸ ಕಾಣ್ತು. ಅದನ್ನ ನೋಡಿಕೊಂಡು ಬೆಳೆದೋನು ನೀನು. ನಿನ್ನ ಕಲ್ಲು ತಿರುಗಿಸಿದ್ರೆ ಪುಟ್ಟಿ."

ಆವತ್ತಿನಿಂದ ಮಗಳು ಅಪ್ಪನ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟಳು. ಅವನು ಮೇಜಿಗೆ ಬಂದರೆ ಇವಳು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗುತ್ತಿದ್ದಳು. ಅಮ್ಮನಿಗೆ ವಿಷಯ ತಿಳಿದಾಗ ಅವಳು ಒಗೆದ ಬಟ್ಟೆಯ ಬುಟ್ಟಿಯನ್ನು ಸೊಂಟದಿಂದ ಇಳಿಸದೆಯೇ ಗಂಡನ ಮುಂದೆ ನಿಂತಳು.

"ಹೇಳಿದ್ರೆ ನಿಮ್ಮ ಲೈಸೆನ್ಸ್ ಹೋಗುತ್ತೆ. ಹೇಳದಿದ್ರೆ ಇವಳ ವರ್ಷ ಹೋಗುತ್ತೆ. ಯಾವ ಸಂಪತ್ತಿಗೆ ಮಾಡಿದ್ರಿ ರೀ ಇದನ್ನ?" ಆಮೇಲೆ ಮಗಳ ಕಡೆ ತಿರುಗಿದಳು. "ನೋಡು, ಇನ್ನೂರೈವತ್ತು ಅಂತ ಬರಿ. ಒಂದೇ ಒಂದು ಸಂಖ್ಯೆ. ಇಬ್ಬರೂ ಉಳೀತೀರಿ."

"ಇವರನ್ನ ಉಳಿಸೋಕೆ ನಾನು ಸುಳ್ಳು ಬರೀಬೇಕಾ?"

"ಮನೆಯವರಿಗೋಸ್ಕರ ಬರೀಬೇಕು. ನಾನು ಈ ಕೈಯನ್ನ ಬ್ಲೀಚಲ್ಲಿ ಅದ್ದೋದು ಯಾರಿಗೋಸ್ಕರ ಅಂದ್ಕೊಂಡಿದ್ದೀಯ?"

ಅಮ್ಮನ ಬೆರಳುಗಳ ಚರ್ಮ ಸುಲಿದಿದ್ದನ್ನು ಅವಳು ದಿನವೂ ನೋಡುತ್ತಿದ್ದಳು. ಎರಡು ದಿನ ಪೆನ್ನು ಹಿಡಿದು ಆ ಪುಟದ ಮುಂದೆ ಕೂತಳು. ಬರೆಯಲಿಲ್ಲ. ಕಲ್ಲು ಕಡಿಮೆ ಇದೆ ಅಂತ ಮೇಷ್ಟ್ರಿಗೆ ಹೇಳಲೂ ಇಲ್ಲ. ಹೇಳಿದರೆ ಅವರು ಕಲ್ಲು ತಿರುಗಿಸುತ್ತಾರೆ. ಅಪ್ಪನ ಮೇಲೆ ಎಷ್ಟೇ ಸಿಟ್ಟಿದ್ದರೂ ಆ ಮೀನನ್ನು ಬೇರೆಯವರ ಕೈಗೆ ಕೊಡಲು ಅವಳಿಂದ ಆಗಲಿಲ್ಲ. ಆಗದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಗುರುವಾರ ಬೆಳಿಗ್ಗೆ ಅಮ್ಮನ ಕಬ್ಬಿಣದ ಸೌಟು ಕಾಣೆಯಾಯಿತು. ಹುಡುಕಿದರೆ ಹಿತ್ತಿಲಲ್ಲಿ ಅಪ್ಪ ಕುಕ್ಕರುಗಾಲಲ್ಲಿ ಕೂತು, ಸೀಮೆಎಣ್ಣೆ ಒಲೆಯ ಮೇಲೆ ಆ ಸೌಟಿನಲ್ಲಿ ಸೀಸ ಕರಗಿಸುತ್ತಿದ್ದ. ಪಕ್ಕದ ಹಲಗೆಯ ಮೇಲೆ ಹೆಬ್ಬೆರಳು ಗಾತ್ರದ ಸೀಸದ ಬಿಲ್ಲೆಗಳು ಸಾಲಾಗಿ ಆರುತ್ತಿದ್ದವು.

"ನನ್ನ ಸೌಟು," ಎಂದಳು ಅಮ್ಮ. "ಇನ್ನು ಅದರಲ್ಲಿ ಅಡುಗೆ ಮಾಡೋ ಹಾಗಿಲ್ಲ."

"ಹೊಸದು ತಂದುಕೊಡ್ತೀನಿ."

"ಯಾವ ದುಡ್ಡಲ್ಲಿ? ಲೈಸೆನ್ಸ್ ಇಲ್ಲದೆ?" ಎಂದಳು. ಅವಳಿಗೆ ಆಗಲೇ ಅರ್ಥವಾಗಿತ್ತು. ಒಳಗೆ ಹೋಗಿ ಅಜ್ಜಿಗೆ ಹೇಳಿ ಅತ್ತಳು. ಅಜ್ಜಿ ಸಮಾಧಾನ ಮಾಡಲಿಲ್ಲ. "ನಲವತ್ತು ಮಾಡ್ತಿದ್ದಾನಾ, ಎಣಿಸಿದ್ಯಾ?" ಎಂದಷ್ಟೇ ಕೇಳಿದಳು.

ಕೊನೆಯ ಶನಿವಾರ ಅಪ್ಪ ತೊಳೆದ ಅಂಗಿ ಹಾಕಿಕೊಂಡು, ಒಂದು ಕೈಯಲ್ಲಿ ತಕ್ಕಡಿಯ ಪೆಟ್ಟಿಗೆ, ಇನ್ನೊಂದರಲ್ಲಿ ಬಿಲ್ಲೆಗಳ ಚೀಲ ಹಿಡಿದು ಲ್ಯಾಬಿನ ಬಾಗಿಲಲ್ಲಿ ನಿಂತ. ಮಗಳಿಗೆ ಅವನು ಬರುತ್ತಾನೆಂದು ಯಾರೂ ಹೇಳಿರಲಿಲ್ಲ.

"ಯಾರು ನೀವು?" ಎಂದರು ಮೇಷ್ಟ್ರು.

"ಈ ಹುಡುಗಿ ಅಪ್ಪ ಸರ್. ಈ ಕಲ್ಲುಗಳನ್ನ ಕೆಡಿಸಿದವನೂ ನಾನೇ. ಸರಿಮಾಡೋಕೆ ಬಂದಿದ್ದೀನಿ."

ಮೇಷ್ಟ್ರಿಗೆ ತಲೆಬುಡ ಗೊತ್ತಾಗಲಿಲ್ಲ. ಅಪ್ಪ ತಕ್ಕಡಿ ಹೂಡಿ ಮೊದಲ ಕಲ್ಲು ತೂಗಿ ತೋರಿಸಿದ. ನಾನೂರ ಎಪ್ಪತ್ತು. ಎರಡನೆಯದು ನಾನೂರ ಅರವತ್ತೊಂಬತ್ತು. ಹುಡುಗರು ಸುತ್ತ ನೆರೆದರು. ಎಂಟು ಮೇಜಿನಿಂದ ಐದೈದು ಕಲ್ಲು ಬಂದವು. ಅಪ್ಪ ಪುಟ್ಟಿ ಕೆತ್ತಿ ತೆಗೆದು, ಬಿಲ್ಲೆ ಇಟ್ಟು ಸುತ್ತಿಗೆಯಿಂದ ಬಡಿದು ಕೂರಿಸಿ, ಅರದಿಂದ ಉಜ್ಜಿ, ತೂಗಿ, ಮತ್ತೆ ಉಜ್ಜಿದ. ನಲವತ್ತು ಮುಗಿಯುವ ಹೊತ್ತಿಗೆ ನಾಲ್ಕು ಗಂಟೆಯಾಗಿತ್ತು. ಅಷ್ಟೂ ಹೊತ್ತು ಮಗಳು ಮೇಜಿನ ಇನ್ನೊಂದು ತುದಿಯಲ್ಲಿ ನಿಂತು ತೂಕಗಳನ್ನು ಬರೆದುಕೊಂಡಳು. ಅಪ್ಪನ ಜೊತೆ ಮಾತಾಡಲಿಲ್ಲ.

ಆಮೇಲೆ ಅವಳು ಐದು ಕಲ್ಲು ನೇತು ಹಾಕಿದಳು. ಒಂಬತ್ತು ಪಾಯಿಂಟ್ ಎಂಟು.

"ನೋಡಿದ್ಯಾ," ಎಂದರು ಮೇಷ್ಟ್ರು. ಅವರ ಮುಖ ಅರಳಿತ್ತು. "ಇನ್ನೂರೈವತ್ತು. ನಾನು ಹೇಳಿದ್ದೇ ಬಂತು."

ಹದಿನಾಲ್ಕು ವರ್ಷದಲ್ಲಿ ಆ ಮನುಷ್ಯ ಒಂದು ಕಲ್ಲನ್ನು ಎತ್ತಿ ತಕ್ಕಡಿಯಲ್ಲಿ ಇಟ್ಟಿರಲಿಲ್ಲ. ತಕ್ಕಡಿ ಅದೇ ಕೋಣೆಯ ಕಪಾಟಿನಲ್ಲಿ, ಅವರದೇ ಬೀಗದ ಹಿಂದೆ ಇತ್ತು. ಐದು ನಿಮಿಷದ ಕೆಲಸ. ಈಗ ಅವರು ಹೊಸ ಪುಟಕ್ಕೆ ಸಹಿ ಹಾಕಿ, ಕೆಂಪು ಗೆರೆಯ ಹಳೆಯ ಪುಟ ಕೀಳಲು ಕೈ ಚಾಚಿದರು. ಮಗಳು ಪುಸ್ತಕದ ಮೇಲೆ ಅಂಗೈ ಊರಿದಳು.

"ಅದಕ್ಕೂ ಸಹಿ ಮಾಡಿ ಸರ್."

"ಅದು ತಪ್ಪಮ್ಮ."

"ಕಲ್ಲು ತಪ್ಪಿತ್ತು. ನಾನು ನೋಡಿದ್ದು ತಪ್ಪಲ್ಲ. ಆವತ್ತು ಅಲ್ಲಿ ಇಳಿದಿದ್ದು ಅಷ್ಟೇ."

ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿದರು. ಆಗ ಅಪ್ಪ, "ಕೊಡು ಇಲ್ಲಿ," ಎಂದು ಮಗಳ ಪೆನ್ನು ತೆಗೆದುಕೊಂಡ. ಕೆಂಪು ಗೆರೆಯ ಕೆಳಗೆ ತನ್ನ ದಪ್ಪ ಅಕ್ಷರಗಳಲ್ಲಿ ನಿಧಾನವಾಗಿ ಬರೆದ: ಈ ಹುಡುಗಿ ಅಳೆದದ್ದು ಸರಿ ಇದೆ. ಕಲ್ಲು ಮೂವತ್ತು ಗ್ರಾಂ ಕಡಿಮೆ ಇತ್ತು. ಸೀಸ ತುಂಬದೆ ಮೊಹರು ಒತ್ತಿದವನು ನಾನು. ಕೆಳಗೆ ಹೆಸರು ಹಾಕಿ, ಜೇಬಿನಿಂದ ಮೀನಿನ ಮೊಹರು ತೆಗೆದು ಕಾಗದದ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ.

"ಇದನ್ನ ನಾನು ವಿಭಾಗದ ಮುಖ್ಯಸ್ಥರಿಗೆ ತೋರಿಸಲೇಬೇಕಾಗುತ್ತೆ," ಎಂದರು ಮೇಷ್ಟ್ರು. "ನಿಮ್ಮ ಲೈಸೆನ್ಸಿನ ಗತಿ ಏನಾಗುತ್ತೆ ಗೊತ್ತಾ?"

"ಗೊತ್ತು ಸರ್."

"ತೋರಿಸುವಾಗ ಆ ಹಳೇ ನೋಟ್‌ಬುಕ್ಕನ್ನೂ ತೋರಿಸಿ," ಎಂದಳು ಮಗಳು.

ಸುತ್ತ ಮೂವತ್ತೊಂಬತ್ತು ಜನ ನಿಂತಿದ್ದರು. ಈ ಸಲ ಯಾರೂ ನಗಲಿಲ್ಲ. ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದು, ಪುಟದ ಮೂಲೆಯಲ್ಲಿ ಇರುವೆಯಷ್ಟು ಸಣ್ಣದಾಗಿ ಸಹಿ ಹಾಕಿದರು.

ಹಾಲ್ ಟಿಕೆಟ್ ಬಂತು. ಅದರ ಹಿಂದೆಯೇ ತೂಕ-ಅಳತೆ ಕಚೇರಿಯಿಂದ ಕಾಗದವೂ ಬಂತು. ಅಪ್ಪನ ಲೈಸೆನ್ಸು ಆರು ತಿಂಗಳು ಅಮಾನತು. ಉಳಿದವರ ರೆಕಾರ್ಡುಗಳಲ್ಲಿ ಇನ್ನೂರೈವತ್ತು ಹಾಗೇ ಉಳಿಯಿತು, ಮತ್ತೆ ಅಳೆಯಿರಿ ಅಂತ ಯಾರಿಗೂ ಯಾರೂ ಹೇಳಲಿಲ್ಲ. ಮೇಷ್ಟ್ರಿಗೆ ಒಂದು ಕಾಗದವೂ ಬರಲಿಲ್ಲ. ಅಮ್ಮ ಭಾನುವಾರವೂ ಪಾಳಿಗೆ ಹೋಗತೊಡಗಿದಳು. ಕೆಲಸವಿಲ್ಲದ ಅಪ್ಪ ಶನಿವಾರದ ಅಡುಗೆ ಕಲಿತ. ಮಗಳು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗುವಂತಿರಲಿಲ್ಲ, ಅಲ್ಲಿ ಅವನೇ ಇರುತ್ತಿದ್ದ. ಹಾಗಾಗಿ ಮೇಜಿನಲ್ಲೇ ಕೂತು, ತಲೆ ತಗ್ಗಿಸಿ ಉಂಡು ಏಳುತ್ತಿದ್ದಳು.

ಮುಂದಿನ ಟರ್ಮಿನ ಮೊದಲ ಶನಿವಾರ ಅವಳು ಹೊಸ ರೆಕಾರ್ಡ್ ಪುಸ್ತಕವನ್ನು ಮೇಜಿನ ಮೇಲಿಟ್ಟು ಕೈ ತೊಳೆದು ಕೂತಳು.

"ಉಪ್ಪು ಜಾಸ್ತಿಯಾಗಿದೆ," ಎಂದಳು ಅಜ್ಜಿ.

"ಅಳತೆ ಇನ್ನೂ ಸಿಕ್ಕಿಲ್ಲ," ಎಂದ ಅಪ್ಪ. ಹೊಸ ಸೌಟಿನಿಂದ ಮಗಳಿಗೆ ಬೇಳೆ ಬಡಿಸಿದ. ಪಕ್ಕದಲ್ಲೇ ನಿಂತ. "ಇವತ್ತು ಏನು ಅಳೆದೆ?"

ಅವಳು ಅನ್ನ ಕಲಸಿದಳು.

"ಲೋಲಕ," ಎಂದಳು. "ಇಪ್ಪತ್ತು ಸಲ ಆಚೀಚೆ ಆಡೋಕೆ ಎಷ್ಟು ಹೊತ್ತು ಬೇಕು ಅಂತ. ಮೂವತ್ತಾರು ಪಾಯಿಂಟ್ ಎರಡು ಸೆಕೆಂಡ್ ಬಂತು."

"ಎಷ್ಟು ಬರಬೇಕಿತ್ತಂತೆ?"

"ಕೇಳಲಿಲ್ಲ," ಎಂದು ಅವಳು ತಟ್ಟೆಯನ್ನು ಅವನ ಕಡೆಗೆ ಸರಿಸಿದಳು. "ಇನ್ನೊಂದು ಸೌಟು ಹಾಕಪ್ಪ."